ಮಕ್ಕಳ ಇಸಿಜಿ ಓದಲು ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ವಿಭಾಗದ ಪೀಜಿಗಳಿಗೆ, ಹೌಸ್ ಸರ್ಜನ್‌ಗಳಿಗೆ, ತಾಲ್ಲೂಕು ಆಸ್ಪತ್ರೆಗಳಿಂದ ತರಬೇತಿಗೆ ಬರುವ ವೈದ್ಯರಿಗೆ ಇಸಿಜಿ ಹೇಳಿಕೊಡುತ್ತಾ ಬಂದಿದ್ದೇನೆ. ವರ್ಷ ವರ್ಷವೂ ಹೊಸ ಮುಖಗಳು ಬರುತ್ತವೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆಗಳನ್ನೂ, ರಾತ್ರಿ ಡ್ಯೂಟಿಯಿಂದ ಫೋನ್ ಮಾಡಿ ಕೇಳುವವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ದೊಡ್ಡವರ ಇಸಿಜಿ ಚೆನ್ನಾಗಿ ಓದಲು ಬರುತ್ತದೆ. ಮಕ್ಕಳದ್ದನ್ನು ಬೇರೆಯಾಗಿ ಕಲಿಯಬೇಕೇ?

ಕಲಿಯಲೇಬೇಕು. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅಲ್ಲಿನ ರಕ್ತನಾಳಗಳು ಬಿಗಿಯಾಗಿರುತ್ತವೆ. ಬಲ ಹೃತ್ಕುಕ್ಷಿ, ಅಂದರೆ ರಕ್ತ ಹೊರಗೆ ತಳ್ಳುವ ಬಲಗಡೆಯ ಕೋಣೆ, ಆ ಬಿಗಿತದ ಎದುರು ರಕ್ತ ತಳ್ಳುತ್ತಾ, ಡಕ್ಟಸ್ ಎಂಬ ನಾಳದ ಮೂಲಕ ದೇಹಕ್ಕೂ ರಕ್ತ ಕಳಿಸುತ್ತಾ ಗಟ್ಟಿಯಾಗಿರುತ್ತದೆ. ಹಾಗಾಗಿ ಹುಟ್ಟಿದ ದಿನ ಅದರ ಗೋಡೆ ಎಡದ್ದರಷ್ಟೇ ದಪ್ಪ. ಮಗು ಅತ್ತು ಉಸಿರೆಳೆದ ಕ್ಷಣದಿಂದ ಶ್ವಾಸಕೋಶದ ಒತ್ತಡ ಇಳಿಯತೊಡಗುತ್ತದೆ, ಆರೆಂಟು ವಾರಗಳವರೆಗೂ ಇಳಿಯುತ್ತಲೇ ಹೋಗುತ್ತದೆ. ಈಗ ಇಡೀ ದೇಹದ ಭಾರ ಹೊರುವುದು ಎಡ ಹೃತ್ಕುಕ್ಷಿ. ಸುಮಾರು 6 ತಿಂಗಳ ಹೊತ್ತಿಗೆ ಅದರ ತೂಕ ಬಲದ್ದರ ಎರಡರಷ್ಟಾಗುತ್ತದೆ.

ಈ ಕೈಬದಲಾವಣೆಯೆಲ್ಲ ಇಸಿಜಿ ಕಾಗದದ ಮೇಲೆ ಮೂಡುತ್ತದೆ. ಮೂರು ದಿನದ ಕೂಸಿನಲ್ಲಿ ಸಹಜವಾದ ಚಿತ್ರ ಮೂರು ವರ್ಷದ ಮಗುವಿನಲ್ಲಿ ಕಂಡರೆ ಕಾಯಿಲೆ. ಮೂರು ವರ್ಷದ ಮಗುವಿನಲ್ಲಿ ಸಹಜವಾದದ್ದು ಮೂವತ್ತು ವರ್ಷದವರಲ್ಲಿ ಕಂಡರೆ ಗಾಬರಿ. ಆದ್ದರಿಂದ ಕಾಗದ ಕೈಗೆ ಬಂದೊಡನೆ ಮೊದಲು ನೋಡಬೇಕಾದದ್ದು ಅಲೆಗಳನ್ನಲ್ಲ, ಮೇಲ್ಗಡೆ ಬರೆದಿರುವ ವಯಸ್ಸನ್ನು. ಅದೂ ದಿನ, ವಾರ, ತಿಂಗಳ ಲೆಕ್ಕದಲ್ಲಿ. ‘ಶಿಶು’ ಎಂದಷ್ಟೇ ಬರೆದಿದ್ದರೆ ನಾನು ಓದುವುದಿಲ್ಲ, ತಾಯಿಯನ್ನು ಕೇಳಿ ಬರೆದುಕೊಂಡು ಬನ್ನಿ ಎನ್ನುತ್ತೇನೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಪೀಜಿಯಾಗಿದ್ದಾಗ ಎರಡು ತಿಂಗಳ ಮಗುವಿನ ಇಸಿಜಿ ನೋಡಿ ‘ನಾರ್ಮಲ್’ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದೆ. ವಿ1 ಲೀಡ್‌ನಲ್ಲಿ, ಅಂದರೆ ಎದೆಯ ಬಲಗಡೆಯಿಂದ ಹೃದಯವನ್ನು ನೋಡುವ ಗೆರೆಯಲ್ಲಿ, ಟಿ ಅಲೆ (ಬಡಿದ ಹೃತ್ಕುಕ್ಷಿ ಮತ್ತೆ ಸಜ್ಜಾಗುವಾಗಿನ ಅಲೆ) ಮೇಲ್ಮುಖವಾಗಿತ್ತು. ದೊಡ್ಡವರಲ್ಲಿ ಹಾಗಿರುವುದು ಸಾಮಾನ್ಯ. ಮರುದಿನ ರೌಂಡ್ಸ್‌ನಲ್ಲಿ ನಮ್ಮ ಮೇಡಂ ಕಾಗದ ಎತ್ತಿಕೊಂಡು, ‘ಎಷ್ಟು ದಿನದ ಮಗು ಇದು?’ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಆ ಮಗುವಿನ ಶ್ವಾಸಕೋಶಕ್ಕೆ ರಕ್ತ ಬಿಡುವ ಪಲ್ಮನರಿ ಕವಾಟ ಬಹಳ ಕಿರಿದಾಗಿತ್ತು.

ಹಾಗಾದರೆ ವಿ1ರ ಟಿ ಅಲೆಗೆ ನಿಯಮವೇನು?

ಮಕ್ಕಳ ಇಸಿಜಿಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಎಂದರೆ ನಾನು ಹೇಳುವುದು ಇದನ್ನೇ. ಹುಟ್ಟಿದ ಮೊದಲ ಕೆಲವು ದಿನ ವಿ1ರಲ್ಲಿ ಟಿ ಮೇಲ್ಮುಖವಾಗಿರಬಹುದು. 7 ದಿನ ತುಂಬುವ ಹೊತ್ತಿಗೆ ಅದು ಕೆಳಮುಖವಾಗಬೇಕು. ಅಲ್ಲಿಂದ ಸುಮಾರು 8 ವರ್ಷದವರೆಗೆ ಕೆಳಮುಖವಾಗಿಯೇ ಇರಬೇಕು. ಈ ನಡುವೆ ಅದು ಮೇಲ್ಮುಖವಾಗಿ ಕಂಡರೆ ಬಲ ಹೃತ್ಕುಕ್ಷಿಯ ಮೇಲೆ ಒತ್ತಡ ಹೆಚ್ಚಿದೆ ಎಂದೇ ಹಿಡಿಯಿರಿ, ಆರ್ ಅಲೆ (ಹೃತ್ಕುಕ್ಷಿ ಬಡಿಯುವಾಗ ಮೇಲೇಳುವ ಚೂಪು ಅಲೆ) ಎತ್ತರವಾಗಿಲ್ಲದಿದ್ದರೂ ಸರಿ. ಬೆಳೆಯುತ್ತಾ ಹೋದಂತೆ ಟಿ ಅಲೆಗಳು ಎಡಗಡೆಯ ಲೀಡ್‌ಗಳಿಂದ ಬಲಕ್ಕೆ ಒಂದೊಂದಾಗಿ ಮೇಲೇಳುತ್ತವೆ. ವಿ1 ಕೊನೆಯದು. ಕೆಲವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹದಿಹರೆಯ ದಾಟಿದ ಮೇಲೂ ಕೆಳಮುಖವಾಗಿಯೇ ಉಳಿಯುತ್ತದೆ.

ಶಾಲಾ ಮಗುವಿನಲ್ಲಿ ವಿ1ರಿಂದ ವಿ3ರವರೆಗೆ ಟಿ ಕೆಳಮುಖವಾಗಿದ್ದದ್ದನ್ನು ಕಂಡು ‘ಹೃದಯಕ್ಕೆ ರಕ್ತ ಸಾಲುತ್ತಿಲ್ಲ’ ಎಂದು ಬರೆದುಕೊಟ್ಟ ಚೀಟಿಗಳನ್ನು ಹಿಡಿದು ಬಂದ ತಂದೆತಾಯಿಯರನ್ನು ನೋಡಿದ್ದೇನೆ. ಎರಡು ರಾತ್ರಿ ನಿದ್ದೆಗೆಟ್ಟಿರುತ್ತಾರೆ ಪಾಪ. ಆ ಮಗುವಿಗೆ ಏನೂ ಆಗಿರುವುದಿಲ್ಲ.

ಮಗು ಅಳುತ್ತದೆ, ಒದೆಯುತ್ತದೆ. ಒಳ್ಳೆಯ ಇಸಿಜಿ ತೆಗೆಯುವುದು ಹೇಗೆ?

ಮೊದಲು ಹಾಲು ಕುಡಿಸಿ. ಹೊಟ್ಟೆ ತುಂಬಿದ ಕೂಸು ಹತ್ತು ನಿಮಿಷವಾದರೂ ಸುಮ್ಮನಿರುತ್ತದೆ. ಕೋಣೆ ಬೆಚ್ಚಗಿರಲಿ, ನಡುಗಿದರೆ ಗೆರೆ ಪೂರ್ತಿ ಮುಳ್ಳುಮುಳ್ಳಾಗುತ್ತದೆ. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ವಾಡಿಕೆ. ಆ ಎಣ್ಣೆಯ ಪಸೆಯ ಮೇಲೆ ಎಲೆಕ್ಟ್ರೋಡ್ ನಿಲ್ಲುವುದಿಲ್ಲ, ಹತ್ತಿಯಿಂದ ಚೆನ್ನಾಗಿ ಒರೆಸಿ. ಮಣಿಕಟ್ಟು ಸಣ್ಣದಾಗಿದ್ದರೆ ಕೈಕಾಲಿನ ಎಲೆಕ್ಟ್ರೋಡ್‌ಗಳನ್ನು ತೋಳಿಗೆ, ತೊಡೆಗೆ ಹಾಕಬಹುದು.

ಎದೆಯ ಮೇಲೆ ಜಾಗವೇ ಇರುವುದಿಲ್ಲ ಎನ್ನುವುದು ನಿಜವಾದ ತೊಂದರೆ. ಅಂಟಿಸುವ ಎಲೆಕ್ಟ್ರೋಡ್ ಆದರೆ ಅಂಚು ಕತ್ತರಿಸಿ ಚಿಕ್ಕದು ಮಾಡಿ. ರಬ್ಬರ್ ಬಲ್ಬ್ ಇರುವ ಹಳೆಯ ಬಗೆಯದಾದರೆ ಜೆಲ್ ಕಡಿಮೆ ಹಾಕಿ. ಪಕ್ಕಪಕ್ಕದ ಜೆಲ್ ಒಂದಕ್ಕೊಂದು ಕೂಡಿಕೊಂಡರೆ ವಿ2, ವಿ3, ವಿ4 ಎಲ್ಲವೂ ಒಂದೇ ಅಚ್ಚಿನಂತೆ ಬರುತ್ತವೆ. ಎಲೆಕ್ಟ್ರೋಡ್ ಇಡುವ ಜಾಗವನ್ನು ಬೆರಳಿಂದ ಎಣಿಸಿ ಹುಡುಕಿ. ವಿ1 ಇರಬೇಕಾದದ್ದು ಎದೆಮೂಳೆಯ ಬಲಕ್ಕೆ, ನಾಲ್ಕನೆಯ ಪಕ್ಕೆಲುಬಿನ ಸಂದಿಯಲ್ಲಿ. ಅಂದಾಜಿನ ಮೇಲೆ ಇಟ್ಟರೆ ಅದು ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಆಗ ಇಲ್ಲದ ಬಲಗಡೆಯ ಬ್ಲಾಕ್ (ವಿದ್ಯುತ್ ಸಂಕೇತದ ದಾರಿಯಲ್ಲಿ ಅಡ್ಡಿ) ಇದ್ದಂತೆ ಕಾಣುತ್ತದೆ.

ಮಕ್ಕಳಲ್ಲಿ ಇನ್ನೂ ಒಂದು ಲೀಡ್ ತೆಗೆಯುವುದು ಒಳ್ಳೆಯದು: ವಿ4ಆರ್. ವಿ4 ಎಡಗಡೆ ಎಲ್ಲಿದೆಯೋ ಅದೇ ಜಾಗ ಬಲಗಡೆಗೆ. ಬಲ ಹೃತ್ಕುಕ್ಷಿಯ ಕಥೆ ಅಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಯಂತ್ರವೇ ಕೆಳಗೆ ವರದಿ ಅಚ್ಚು ಮಾಡಿಕೊಡುತ್ತದಲ್ಲ?

ವಯಸ್ಸು ತುಂಬಿಸದಿದ್ದರೆ ಯಂತ್ರ ಮಗುವನ್ನು ದೊಡ್ಡವರೆಂದೇ ತಿಳಿಯುತ್ತದೆ. ನವಜಾತ ಶಿಶುವಿಗೆಲ್ಲ ‘ಬಲ ಹೃತ್ಕುಕ್ಷಿ ದಪ್ಪವಾಗಿದೆ’ ಎಂದು ಅಚ್ಚಾಗಿ ಬರುವುದು ಇದರಿಂದಲೇ. ವಯಸ್ಸು ಕೊಟ್ಟಾಗಲೂ ಅದು ಹೇಳುವ ಕ್ಯೂಟಿ ಅಳತೆಯನ್ನು (ಹೃತ್ಕುಕ್ಷಿ ಬಡಿಯಲು ಶುರುಮಾಡಿ ಮತ್ತೆ ಸಜ್ಜಾಗುವವರೆಗಿನ ಸಮಯ) ನಾನು ನಂಬುವುದಿಲ್ಲ, ಸ್ಕೇಲ್ ಹಿಡಿದು ಅಳೆಯುತ್ತೇನೆ. ವರದಿಯ ಭಾಗವನ್ನು ಮಡಚಿ ಹಿಂದಕ್ಕೆ ಹಾಕಿ, ನಿಮ್ಮ ಓದು ಮುಗಿದ ಮೇಲೆ ಬಿಚ್ಚಿ ನೋಡಿ.

ಅಂದಹಾಗೆ, ಕಾಗದದ ಅಂಚಿನಲ್ಲಿರುವ ಅಳತೆಯ ಗುರುತು ನೋಡುವುದನ್ನು ಮರೆಯಬೇಡಿ. ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ 1 ಮಿಲಿವೋಲ್ಟ್‌ಗೆ 10 ಮಿ.ಮೀ. ಇರುವುದು ರೂಢಿ. ಮಕ್ಕಳ ಎದೆ ತೆಳು, ಅಲೆಗಳು ಒಂದರ ಮೇಲೊಂದು ಹತ್ತುವಷ್ಟು ದೊಡ್ಡದಾಗಿ ಬರುವುದರಿಂದ ಟೆಕ್ನೀಷಿಯನ್ ಎಷ್ಟೋ ಸಲ ಎದೆಯ ಲೀಡ್‌ಗಳನ್ನು ಅರ್ಧ ಅಳತೆಗೆ ಇಳಿಸಿರುತ್ತಾರೆ. ಗಮನಿಸದಿದ್ದರೆ ದೊಡ್ಡ ಅಲೆ ನಿಮಗೆ ಸಣ್ಣದಾಗಿ ಕಾಣುತ್ತದೆ.

ಬಡಿತ ಎಣಿಸುವಾಗ 300ರ ಲೆಕ್ಕ ಸಾಲದೇ?

ಸಾಲದು. ದೊಡ್ಡ ಚೌಕದಿಂದ 300ನ್ನು ಭಾಗಿಸುವ ಲೆಕ್ಕ ನಿಧಾನದ ಹೃದಯಕ್ಕೆ ಸರಿ. ಕೂಸಿನಲ್ಲಿ ಸಣ್ಣ ಚೌಕ ಎಣಿಸಿ 1500ನ್ನು ಭಾಗಿಸಿ. ಎರಡು ಆರ್ ಅಲೆಗಳ ನಡುವೆ 7 ಸಣ್ಣ ಚೌಕವಿದ್ದರೆ 214, 6 ಇದ್ದರೆ 250. ಒಂದೇ ಒಂದು ಸಣ್ಣ ಚೌಕಕ್ಕೆ ಇಷ್ಟು ವ್ಯತ್ಯಾಸ! ಡಿವೈಡರ್ ಇಟ್ಟುಕೊಳ್ಳಿ, ಗಣಿತದ ಕಂಪಾಸ್ ಪೆಟ್ಟಿಗೆಯದ್ದೇ ಸಾಕು.

ಸುಮಾರಿನ ಲೆಕ್ಕ ಬೇಕೆಂದರೆ: ಮೊದಲ ವಾರ ನಿಮಿಷಕ್ಕೆ 90ರಿಂದ 160, ಒಂದೆರಡು ತಿಂಗಳಲ್ಲಿ 120ರಿಂದ 180, ಒಂದೆರಡು ವರ್ಷಕ್ಕೆ 90ರಿಂದ 165, 5ರಿಂದ 7 ವರ್ಷಕ್ಕೆ 65ರಿಂದ 140. ಮೊದಲ ವಾರಕ್ಕಿಂತ ಎರಡನೆಯ ತಿಂಗಳಲ್ಲಿ ಬಡಿತ ಹೆಚ್ಚು ಎನ್ನುವುದನ್ನು ಗಮನಿಸಿ. ಇದನ್ನು ಕಂಡು ಸುಮ್ಮನೆ ಹೆದರುವವರಿದ್ದಾರೆ.

ಬಡಿತ ಒಮ್ಮೆ ಬೇಗ, ಒಮ್ಮೆ ನಿಧಾನ. ಲಯ ತಪ್ಪಿದೆ ಎಂದು ಬರೆಯಲೇ?

ಬರೆಯುವ ಮೊದಲು ಮಗುವಿನ ಎದೆ ನೋಡಿ. ಉಸಿರೆಳೆದಾಗ ಬೇಗ, ಬಿಟ್ಟಾಗ ನಿಧಾನವಾದರೆ, ಪಿ ಅಲೆ (ಹೃದಯದ ಮೇಲಿನ ಕೋಣೆಗಳದ್ದು) ಪ್ರತಿ ಸಲವೂ ಒಂದೇ ರೂಪದಲ್ಲಿದ್ದರೆ, ಅದು ಆರೋಗ್ಯದ ಗುರುತು. ಸೈನಸ್ ಅರಿತ್ಮಿಯಾ ಎಂಬ ಹೆಸರು ಕೇಳಿ ತಾಯಿ ಗಾಬರಿಯಾಗುತ್ತಾರೆ. ಹೆಸರು ಹೇಳುವ ಬದಲು ‘ಉಸಿರಿನ ಜೊತೆ ಹೃದಯ ಆಡುತ್ತಿದೆ, ಏನೂ ತೊಂದರೆ ಇಲ್ಲಮ್ಮ’ ಎನ್ನಿ.

ರಾತ್ರಿ ಎರಡು ಗಂಟೆ. ಎರಡು ತಿಂಗಳ ಮಗು, ಬಡಿತ 240. ಜ್ವರದಿಂದಲೋ, ಎಸ್‌ವಿಟಿ ಎಂಬ ಅಸಹಜ ವೇಗದ ಲಯವೋ?

ಕ್ಯಾಶುಯಲ್ಟಿಯಿಂದ ನನಗೆ ಅತಿ ಹೆಚ್ಚು ಬರುವ ಫೋನ್ ಇದು. ಒಂದು ವರ್ಷದೊಳಗಿನ ಮಗುವಿನಲ್ಲಿ 220 ದಾಟಿದರೆ, ಅದಕ್ಕಿಂತ ದೊಡ್ಡವರಲ್ಲಿ 180 ದಾಟಿದರೆ, ಎಸ್‌ವಿಟಿಯ ಸಂಶಯ ಬಲವಾಗಿರಲಿ. ಆದರೆ ಸಂಖ್ಯೆಯೊಂದೇ ತೀರ್ಪಲ್ಲ. ಜ್ವರ, ನಿರ್ಜಲೀಕರಣ, ಅಳು ಇವುಗಳಿಂದ ಏರಿದ ಬಡಿತ ಮಗು ಸಮಾಧಾನವಾದಾಗ ಇಳಿಯುತ್ತದೆ, ನಿಮಿಷದಿಂದ ನಿಮಿಷಕ್ಕೆ ಅಲುಗಾಡುತ್ತದೆ. ಎಸ್‌ವಿಟಿಯ ಬಡಿತ ಗೋಡೆಗೆ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿರುತ್ತದೆ. ಪಿ ಅಲೆ ಕಾಣುವುದಿಲ್ಲ, ಕಂಡರೂ ಕ್ಯೂಆರ್‌ಎಸ್‌ನ (ಹೃತ್ಕುಕ್ಷಿ ಬಡಿಯುವಾಗಿನ ಅಲೆಗಳ ಗುಂಪು) ಬಾಲದಲ್ಲಿ ತಲೆಕೆಳಗಾಗಿ ಕಾಣುತ್ತದೆ. ಶುರುವಾದದ್ದು ಯಾವಾಗ ಎಂದು ತಾಯಿಗೆ ತಿಳಿದಿರುವುದಿಲ್ಲ. ‘ನಿನ್ನೆಯಿಂದ ಹಾಲು ಕುಡಿಯುತ್ತಿಲ್ಲ, ಬೆವರುತ್ತದೆ, ಮುಖ ಬಿಳಿಚಿಕೊಂಡಿದೆ’ ಎನ್ನುತ್ತಾರೆ. ಅದೇ ನಿಮ್ಮ ಸುಳಿವು.

ಪೂರ್ತಿ 12 ಲೀಡ್ ಇಸಿಜಿ ತೆಗೆಯದೆ ಚಿಕಿತ್ಸೆ ಶುರು ಮಾಡಬೇಡಿ, ಮಗು ಆಘಾತದ (ರಕ್ತ ಪರಿಚಲನೆ ಕುಸಿದ) ಸ್ಥಿತಿಯಲ್ಲಿ ಇಲ್ಲದಿದ್ದರೆ. ಆಘಾತದಲ್ಲಿದ್ದರೆ ಕಾಯುವಂತಿಲ್ಲ, ಪ್ರತಿ ಕಿಲೋಗೆ 0.5ರಿಂದ 1 ಜೂಲ್‌ನ ಸಿಂಕ್ರೊನೈಸ್ ಮಾಡಿದ ಶಾಕ್ ಬೇಕು. ಸ್ಥಿರವಾಗಿದ್ದರೆ ಮಂಜುಗಡ್ಡೆ ಮತ್ತು ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಹಣೆ, ಕಣ್ಣಿನ ಮೇಲ್ಭಾಗಕ್ಕೆ 15–20 ಸೆಕೆಂಡ್ ಇಡಿ. ಮೂಗು, ಬಾಯಿ ಮುಚ್ಚಬಾರದು. ಕಣ್ಣುಗುಡ್ಡೆ ಒತ್ತುವ ಹಳೆಯ ಪದ್ಧತಿ ಖಂಡಿತ ಬೇಡ. ಇಳಿಯದಿದ್ದರೆ ಅಡಿನೋಸಿನ್, ಕಿಲೋಗೆ 0.1 ಮಿ.ಗ್ರಾಂ., ಹೃದಯಕ್ಕೆ ಆದಷ್ಟು ಹತ್ತಿರದ ಅಭಿಧಮನಿಯಲ್ಲಿ, ಹಿಂದೆಯೇ ಸಲೈನ್ ತಳ್ಳಿ. ಒಂದು ವರ್ಷದೊಳಗಿನವರಿಗೆ ವೆರಾಪಮಿಲ್ ಕೊಡಬೇಡಿ, ಹೃದಯವೇ ಕುಸಿಯಬಹುದು.

ಇಲ್ಲಿ ಒಂದು ಬೇಡಿಕೆ. ಅಡಿನೋಸಿನ್ ಕೊಡುವಾಗ ಯಂತ್ರ ಓಡುತ್ತಲೇ ಇರಲಿ. ಆ ಕೆಲವು ಸೆಕೆಂಡುಗಳ ಕಾಗದ ಮುಂದೆ ಮಗುವನ್ನು ನೋಡುವ ಹೃದ್ರೋಗ ತಜ್ಞರಿಗೆ ಬಹಳ ದೊಡ್ಡ ಸಹಾಯ. ಲಯ ಮರಳಿದ ಮೇಲೆ ಇನ್ನೊಂದು ಇಸಿಜಿ ತೆಗೆಯಿರಿ. ಪಿಆರ್ (ಪಿ ಅಲೆಯ ಶುರುವಿನಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಸಮಯ) ಗಿಡ್ಡವಾಗಿ, ಕ್ಯೂಆರ್‌ಎಸ್‌ನ ಏರು ಇಳಿಜಾರಿನಂತೆ ಶುರುವಾಗಿದ್ದರೆ ಅದು ಡೆಲ್ಟಾ ಅಲೆ. 1930ರಲ್ಲಿ ವೂಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವಿವರಿಸಿದ್ದು ಇದನ್ನೇ. ಅದು ಕಂಡರೆ ಎಕೋ ಬೇಕು, ಎಬ್‌ಸ್ಟೀನ್ ಎಂಬ ಕವಾಟದ ದೋಷ ಜೊತೆಗಿರಬಹುದು.

ಆಕ್ಸಿಸ್ ಎಂದರೆ ತಲೆ ತಿರುಗುತ್ತದೆ. ಸುಲಭದ ದಾರಿ ಇದೆಯೇ?

ಆಕ್ಸಿಸ್ ಎಂದರೆ ಹೃದಯದ ವಿದ್ಯುತ್ ಒಟ್ಟಾರೆ ಸಾಗುವ ದಿಕ್ಕು. ಕೈಕಾಲಿನ ಲೀಡ್‌ಗಳಲ್ಲಿ ಲೀಡ್ 1 ಮತ್ತು ಎವಿಎಫ್ ಎರಡನ್ನೇ ನೋಡಿ. ಎರಡರಲ್ಲೂ ಕ್ಯೂಆರ್‌ಎಸ್ ಮೇಲಕ್ಕಿದ್ದರೆ ಸಹಜ. ಲೀಡ್ 1ರಲ್ಲಿ ಕೆಳಕ್ಕೆ, ಎವಿಎಫ್‌ನಲ್ಲಿ ಮೇಲಕ್ಕೆ ಇದ್ದರೆ ಬಲಕ್ಕೆ ವಾಲಿದೆ. ನವಜಾತ ಶಿಶುವಿನಲ್ಲಿ ಇದು ಸಹಜ, ಹುಟ್ಟಿದಾಗ ಆಕ್ಸಿಸ್ ಸುಮಾರು 125 ಡಿಗ್ರಿ, ಮೂರು ವರ್ಷಕ್ಕೆ 60ರ ಆಸುಪಾಸಿಗೆ ಬರುತ್ತದೆ.

ನಿಮ್ಮನ್ನು ಎಬ್ಬಿಸಬೇಕಾದದ್ದು ಎವಿಎಫ್‌ನಲ್ಲಿ ಕ್ಯೂಆರ್‌ಎಸ್ ಕೆಳಮುಖವಾದಾಗ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಹೀಗಿದ್ದರೆ ಹೃದಯದ ನಡುಗೋಡೆಯ ಕೇಂದ್ರದಲ್ಲೇ ದೊಡ್ಡ ದೋಷ, ಅಂದರೆ ಎವಿ ಕೆನಾಲ್, ಇದೆಯೆಂದು ಎಕೋಗೆ ಮುಂಚೆಯೇ ಊಹಿಸಬಹುದು. ನೀಲಿಗಟ್ಟಿದ ಮಗುವಿನಲ್ಲಿ ಆಕ್ಸಿಸ್ ಎಡಕ್ಕೆ ವಾಲಿ, ಎಡ ಹೃತ್ಕುಕ್ಷಿಯೇ ಮೇಲುಗೈಯಾಗಿದ್ದರೆ ಟ್ರೈಕಸ್ಪಿಡ್ ಅಟ್ರೀಸಿಯಾ (ಬಲಗಡೆಯ ಕವಾಟವೇ ಬೆಳೆದಿಲ್ಲದ ದೋಷ) ನೆನಪಾಗಲಿ. ನೀಲಿ ಮಕ್ಕಳಲ್ಲಿ ಹೆಚ್ಚಿನವರದ್ದು ಬಲಕ್ಕೆ ವಾಲಿರುತ್ತದೆ, ಟೆಟ್ರಾಲಜಿ ಎಂಬ ಹುಟ್ಟು ದೋಷದಲ್ಲಿ ಆಗುವಂತೆ.

ಲೀಡ್ 1ರಲ್ಲಿ ಪಿ ಅಲೆಯೂ ತಲೆಕೆಳಗಾಗಿದ್ದರೆ ಮೊದಲು ಕೈಗಳ ವೈರ್ ಅದಲುಬದಲಾಗಿದೆಯೇ ನೋಡಿ. ಸರಿಯಾಗಿದ್ದೂ ಹಾಗೆಯೇ ಬಂದರೆ ಹೃದಯ ಬಲಗಡೆ ಇರಬಹುದು.

ಫಿಟ್ಸ್ ಎಂದು ಬಂದ ಮಗುವಿಗೆ ಇಸಿಜಿ ಏಕೆ?

ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವ ಕೆಲವು ಮಕ್ಕಳ ತೊಂದರೆ ಮೆದುಳಿನದ್ದಲ್ಲ, ಹೃದಯದ್ದು. ಓಡುವಾಗ, ಈಜುವಾಗ, ಬೈಸಿಕೊಂಡಾಗ, ಅಲಾರಂ ಹೊಡೆದಾಗ ತಟ್ಟನೆ ಬಿದ್ದರೆ ಕ್ಯೂಟಿ ಅಳೆಯದೆ ಬಿಡಬೇಡಿ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹುಟ್ಟುಕಿವುಡಿನ ಜೊತೆ ಬರುವ ಒಂದು ಬಗೆಯ ದೀರ್ಘ ಕ್ಯೂಟಿ ಕಾಯಿಲೆಯನ್ನು 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ವಿವರಿಸಿದರು. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಇದು ಮಗುವಿಗೆ ತಗಲುತ್ತದೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ನಮ್ಮ ಊರುಗಳಲ್ಲಿ ಆ ಸಾಧ್ಯತೆ ಹೆಚ್ಚು. ಕಿವಿ ಕೇಳಿಸದ ಪ್ರತಿ ಮಗುವಿಗೂ, ಕಾಕ್ಲಿಯರ್ ಇಂಪ್ಲಾಂಟ್‌ಗೆ ಮುಂಚೆ ಖಂಡಿತವಾಗಿ, ಒಂದು ಇಸಿಜಿ ತೆಗೆಯಿರಿ ಎಂದು ಗೋಗರೆಯುತ್ತೇನೆ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡವರಿದ್ದಾರೆಯೇ ಎಂದು ಅಜ್ಜಿಯನ್ನು ಕೇಳಿ. ಅಪ್ಪ ಅಮ್ಮನಿಗೆ ಗೊತ್ತಿಲ್ಲದ್ದು ಅಜ್ಜಿಗೆ ಗೊತ್ತಿರುತ್ತದೆ.

ಕ್ಯೂಟಿಸಿ, ಅಂದರೆ ಬಡಿತದ ವೇಗಕ್ಕೆ ಹೊಂದಿಸಿದ ಕ್ಯೂಟಿ, ಅದರ ಲೆಕ್ಕ ಒಮ್ಮೆ ಮಾಡಿ ತೋರಿಸಿ.

ಕ್ಯೂಟಿಯನ್ನು ಲೀಡ್ 2 ಅಥವಾ ವಿ5ರಲ್ಲಿ ಅಳೆಯಿರಿ. ಅದನ್ನು ಹಿಂದಿನ ಆರ್‌ಆರ್ (ಎರಡು ಆರ್ ಅಲೆಗಳ ನಡುವಿನ) ಅಂತರದ ವರ್ಗಮೂಲದಿಂದ ಭಾಗಿಸಿ, ಎರಡೂ ಸೆಕೆಂಡಿನಲ್ಲಿರಲಿ. 1920ರಲ್ಲಿ ಬ್ಯಾಜೆಟ್ ಕೊಟ್ಟ ಸೂತ್ರ ಇದು. ಕ್ಯೂಟಿ 0.30, ಆರ್‌ಆರ್ 0.50 ಆದರೆ ವರ್ಗಮೂಲ 0.707, ಉತ್ತರ 0.424, ಅಂದರೆ 424 ಮಿಲಿಸೆಕೆಂಡ್. ಕ್ಯೂಟಿ ಅದೇ 0.30 ಇದ್ದು ಆರ್‌ಆರ್ 0.40 ಆದರೆ ವರ್ಗಮೂಲ 0.632, ಉತ್ತರ 474. ಅಳುವ ಮಗುವಿನಲ್ಲಿ ಈ ಸೂತ್ರ ಕ್ಯೂಟಿಯನ್ನು ಉಬ್ಬಿಸಿ ತೋರಿಸುತ್ತದೆ. ಆದ್ದರಿಂದ ಮಗು ಮಲಗಿದಾಗ ಮತ್ತೊಮ್ಮೆ ತೆಗೆಯಿರಿ. ಉಸಿರಿನ ಜೊತೆ ಬಡಿತ ಏರಿಳಿಯುತ್ತಿದ್ದರೆ ಹಲವು ಬಡಿತಗಳ ಸರಾಸರಿ ಹಿಡಿಯಿರಿ.

460 ದಾಟಿದರೆ ಮತ್ತೆ ಅಳೆಯಿರಿ, ಪದೇ ಪದೇ 480 ದಾಟಿದರೆ ತಜ್ಞರಿಗೆ ಕಳಿಸಿ. ನಡುವೆ ಕೊಟ್ಟ ಔಷಧಿ ನೋಡಲು ಮರೆಯಬೇಡಿ. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಕೆಮ್ಮಿಗೆಂದು ಕೊಟ್ಟ ಅಜಿಥ್ರೋಮೈಸಿನ್ ಎರಡೂ ಕ್ಯೂಟಿಯನ್ನು ಹಿಗ್ಗಿಸುತ್ತವೆ.

ಮಕ್ಕಳಲ್ಲಿ ಹಾರ್ಟ್ ಅಟ್ಯಾಕ್‌ನ ಚಿತ್ರ ಬರುತ್ತದೆಯೇ?

ಅಪರೂಪ, ಆದರೆ ಬರುತ್ತದೆ. ಎರಡು ಮೂರು ತಿಂಗಳ ಮಗು ಹಾಲು ಕುಡಿಯುವಾಗ ಬೆವರುತ್ತದೆ, ಚೀರುತ್ತದೆ, ಉಸಿರು ಜೋರಾಗಿದೆ. ನ್ಯುಮೋನಿಯಾ ಎಂದು ದಾಖಲು ಮಾಡಿರುತ್ತಾರೆ, ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿರುತ್ತದೆ. ಇಸಿಜಿಯಲ್ಲಿ ಲೀಡ್ 1, ಎವಿಎಲ್ ಮತ್ತು ಎಡಗಡೆಯ ಎದೆ ಲೀಡ್‌ಗಳಲ್ಲಿ ಆಳವಾದ ಕ್ಯೂ ಅಲೆ ಕಂಡರೆ ಎಡ ಕೊರೊನರಿ ರಕ್ತನಾಳ ಮಹಾಧಮನಿಯಿಂದ ಹೊರಡದೆ ಪಲ್ಮನರಿ ಧಮನಿಯಿಂದ ಹೊರಟಿರಬಹುದು. ಹುಟ್ಟಿದಾಗ ಎರಡೂ ಕಡೆ ಒತ್ತಡ ಸಮನಾಗಿರುವುದರಿಂದ ತಿಳಿಯುವುದಿಲ್ಲ. ಶ್ವಾಸಕೋಶದ ಒತ್ತಡ ಇಳಿದಂತೆ ಹೃದಯದ ಸ್ನಾಯುವಿಗೆ ರಕ್ತ ಸಿಗದಾಗುತ್ತದೆ. ಇದಕ್ಕೆ ಆಪರೇಷನ್ ಇದೆ, ಹೃದಯ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಹೃದಯ ಹಿಗ್ಗಿದ ಪ್ರತಿ ಶಿಶುವಿನಲ್ಲೂ ಎವಿಎಲ್ ಲೀಡ್ ನೋಡಿ ಎಂದು ಒತ್ತಿ ಹೇಳುವುದು.

ನಮ್ಮ ಕಡೆ ಹೆಚ್ಚಾಗಿ ಕಾಣುವ, ಪುಸ್ತಕದಲ್ಲಿ ಕಡಿಮೆ ಬರೆದಿರುವ ಸಂಗತಿಗಳು?

ಚೇಳು ಕಡಿತ. ಕೆಂಪು ಚೇಳು ಕಚ್ಚಿ ಬೆವರಿ ತೊಯ್ದ, ಕೈಕಾಲು ತಣ್ಣಗಾದ ಮಗುವಿನಲ್ಲಿ ಬಡಿತ ಏರುತ್ತದೆ, ಎಸ್‌ಟಿ (ಕ್ಯೂಆರ್‌ಎಸ್ ಮತ್ತು ಟಿ ನಡುವಿನ ಗೆರೆ), ಟಿ ಬದಲಾಗುತ್ತವೆ. ಈ ವಿಷಕ್ಕೆ ಪ್ರಾಜೊಸಿನ್ ಮಾತ್ರೆಯನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಹಳ್ಳಿಗಾಡಿನ ವೈದ್ಯರ ಕಣ್ಣಿಗೆ ಬಿದ್ದದ್ದು ಜಗತ್ತಿಗೆ ಪಾಠವಾಯಿತು ಎಂದು ತರಗತಿಯಲ್ಲಿ ಹೇಳುವಾಗ ನನಗೆ ಹೆಮ್ಮೆ.

ಹಳದಿ ಕಣಗಿಲೆಯ ಬೀಜ. ಆಟವಾಡುತ್ತಾ ಜಗಿದ ಚಿಕ್ಕ ಮಕ್ಕಳು, ಮನನೊಂದು ತಿಂದ ಹದಿಹರೆಯದವರು. ಡಿಜಾಕ್ಸಿನ್ ಎಂಬ ಹೃದಯದ ಔಷಧಿ ಹೆಚ್ಚಾದಂತೆಯೇ ಬಡಿತ ನಿಧಾನವಾಗುತ್ತದೆ, ಬ್ಲಾಕ್ ಬರುತ್ತದೆ, ಪೊಟ್ಯಾಸಿಯಂ ಏರುತ್ತದೆ. ತಡವಾಗಿಯೂ ಬರಬಹುದು, ಮೊದಲ ಇಸಿಜಿ ಸರಿಯಿದೆಯೆಂದು ಮನೆಗೆ ಕಳಿಸಬೇಡಿ.

ಡೆಂಗಿ ಜ್ವರ ಇಳಿದ ಮೇಲೆ ಮಗು ಆಡುತ್ತಿದ್ದರೂ ಬಡಿತ ನಿಧಾನವಾಗಿರುವುದು ಮಾಮೂಲು, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಇನ್ನು ರುಮ್ಯಾಟಿಕ್ ಜ್ವರ. ಗಂಟಲು ನೋವು ಬಂದು ಹೋದ ಎರಡು ಮೂರು ವಾರಕ್ಕೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು ಎಂದರೆ ಪಿಆರ್ ಅಳೆಯಿರಿ. ವಯಸ್ಸಿಗೆ ಮೀರಿ ಹಿಗ್ಗಿದ್ದರೆ ರುಮ್ಯಾಟಿಕ್ ಜ್ವರ ಗುರುತಿಸುವ ಜೋನ್ಸ್ ಮಾನದಂಡದಲ್ಲಿ ಅದು ಕಿರಿಯ ಲಕ್ಷಣ. ಶಿಶುವಿನಲ್ಲಿ ಸುಮಾರು 140 ಮಿಲಿಸೆಕೆಂಡ್, ಶಾಲಾ ಮಗುವಿನಲ್ಲಿ ಸುಮಾರು 170 ಮೇಲಿನ ಮಿತಿ. ದೊಡ್ಡವರ 200ರ ಮಿತಿ ಹಿಡಿದು ಕೂತರೆ ಎಂಟು ವರ್ಷದ ಹುಡುಗಿಯ 190ನ್ನು ಬಿಟ್ಟುಬಿಡುತ್ತೀರಿ. ಆ ಹುಡುಗಿಗೆ ಮೂರು ವಾರಕ್ಕೊಮ್ಮೆ ಬೇಕಿದ್ದ ಪೆನಿಸಿಲಿನ್ ತಪ್ಪಿಹೋಗುತ್ತದೆ.

ಇಸಿಜಿ ಸರಿಯಿದ್ದರೆ ಹೃದಯದಲ್ಲಿ ತೂತಿಲ್ಲ ಎಂದು ಹೇಳಬಹುದೇ?

ಹೇಳಬಾರದು. ಸಣ್ಣ ತೂತಿದ್ದರೆ ಇಸಿಜಿ ಪೂರ್ತಿ ಸಹಜವಾಗಿಯೇ ಇರುತ್ತದೆ. ಮರ್ಮರ ಕೇಳಿದರೆ, ತೊಡೆಸಂದಿಯ ನಾಡಿ ಸಿಗದಿದ್ದರೆ, ಆಕ್ಸಿಜನ್ ಪ್ರಮಾಣ ಕಡಿಮೆಯಿದ್ದರೆ ಎಕೋ ಆಗಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೆ ಬರುವ ತಂಡ ಜನ್ಮಜಾತ ಹೃದ್ರೋಗವನ್ನೂ ಹುಡುಕುತ್ತದೆ. ಆ ದಾರಿಯನ್ನು ಬಳಸಿಕೊಳ್ಳಿ.

ವಯಸ್ಸಿಗೆ ತಕ್ಕ ಸಹಜ ಅಳತೆಗಳ ಯಾವ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು?

ಹೆಚ್ಚು ಬಳಕೆಯಲ್ಲಿರುವವು ಎರಡು. ಕೆನಡಾದ ಕ್ವಿಬೆಕ್‌ನ 2,141 ಮಕ್ಕಳಿಂದ ತಯಾರಾದದ್ದು ಹಳೆಯದು. 2001ರಲ್ಲಿ ನೆದರ್ಲೆಂಡ್ಸ್‌ನ 1,912 ಮಕ್ಕಳಿಂದ ಬಂದದ್ದು ಇನ್ನೊಂದು. ಒಂದನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸಿ. ಸಂಖ್ಯೆ ಬಾಯಿಪಾಠ ಮಾಡುವ ಹಠ ಬೇಡ.

ಕಲಿಯಲು ಎಷ್ಟು ಕಾಲ ಬೇಕು?

ದಿನಕ್ಕೊಂದು ಇಸಿಜಿಯಂತೆ ಓದಿದರೆ ಆರು ತಿಂಗಳಲ್ಲಿ ಕಣ್ಣು ಪಳಗುತ್ತದೆ. ರೋಗದ ಚಿತ್ರಗಳ ಹಿಂದೆ ಓಡುವ ಮೊದಲು ಸಹಜ ಚಿತ್ರಗಳನ್ನು ಕೂಡಿಹಾಕಿ: ಒಂದು ದಿನದ್ದು, ಒಂದು ವಾರದ್ದು, ಒಂದು ತಿಂಗಳದ್ದು, ಒಂದು ವರ್ಷದ್ದು, ಹತ್ತು ವರ್ಷದ್ದು. ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದಾಗ ವಿ1ರ ಎತ್ತರದ ಆರ್ ತಗ್ಗುತ್ತಾ, ವಿ6ರದ್ದು ಏರುತ್ತಾ ಹೋಗುವುದು ಕಾಣುತ್ತದೆ.

ಅನುಮಾನ ಬಂದರೆ ವಾಟ್ಸಾಪ್‌ನಲ್ಲಿ ಕಳಿಸಬಹುದೇ?

ಕಳಿಸಿ, ನಾಚಿಕೆ ಬೇಡ. ಕಾಗದವನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು, ನೇರ ಮೇಲಿನಿಂದ, ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಡಿಕೆ ಬಿದ್ದ ಕಾಗದದ ಓರೆ ಚಿತ್ರದಲ್ಲಿ ಚೌಕಗಳೇ ಸೊಟ್ಟಗಾಗಿರುತ್ತವೆ, ಅಳೆಯುವುದು ಹೇಗೆ? ಅಳತೆಯ ಗುರುತು ಚಿತ್ರದೊಳಗೆ ಬರಲಿ. ಮಗುವಿನ ಹೆಸರು, ಆಸ್ಪತ್ರೆಯ ಸಂಖ್ಯೆಯನ್ನು ಬೆರಳಿನಿಂದಲೋ ಚೀಟಿಯಿಂದಲೋ ಮುಚ್ಚಿ. ಕೆಳಗೆ ನಾಲ್ಕು ಸಾಲು ಬರೆಯಿರಿ: ವಯಸ್ಸು ದಿನದ ಲೆಕ್ಕದಲ್ಲಿ, ಏಕೆ ತೆಗೆದಿರಿ, ಕೊಟ್ಟ ಔಷಧಿ, ಈಗ ಮಗು ಹೇಗಿದೆ. ನೀವು ಏನೆಂದುಕೊಂಡಿದ್ದೀರಿ ಎನ್ನುವುದನ್ನೂ ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ. ಮಗುವಿನ ಮೈಬಣ್ಣ ಕೆಟ್ಟಿದ್ದರೆ, ಉಸಿರು ಕಟ್ಟುತ್ತಿದ್ದರೆ ಮೆಸೇಜ್ ಹಾಕಿ ಕಾಯುತ್ತಾ ಕೂರಬೇಡಿ, ಫೋನ್ ಮಾಡಿ.